ಸೋಮವಾರ ಸರಿಯುತ್ತಿದ್ದ ಕಲ್ಲುಗಳು

ನಮ್ಮ ಮನೆಯಲ್ಲಿ ಒಲೆಗೆ ಕಟ್ಟಿಗೆ ಇಲ್ಲವೆಂದು ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಲಿಲ್ಲ. ತೆಲಂಗಾಣದ ಗಡಿಯ ಮಕ್ತಲ್‌ನಿಂದ ಕೃಷ್ಣಾ ಸ್ಟೇಷನ್ ಕಡೆ ಹೋಗುವ ದಾರಿ ಬಿಟ್ಟು ಒಳಕ್ಕೆ ಹೊರಳಿದರೆ ನಮ್ಮೂರು. ಮಣ್ಣಿನ ಮಾಳಿಗೆಯ ಮನೆ. ಹೊಸ್ತಿಲು ದಾಟಿದ ಕೂಡಲೇ ಎತ್ತುಗಳು, ಅವುಗಳ ಹಿಂದೆ ಒಂದು ಮೆಟ್ಟಿಲು ಎತ್ತರದ ಪಡಸಾಲೆ, ಪಡಸಾಲೆಯ ಹಿಂದೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ. ಬಂದ ನೆಂಟರು ಮೊದಲು ಎತ್ತಿನ ಮುಖ ನೋಡಿ ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಅವ್ವ ಆ ಕತ್ತಲಲ್ಲಿ ಕೂತು ಹತ್ತಿಕಟ್ಟಿಗೆ ತುರುಕುತ್ತ ರೊಟ್ಟಿ ಬಡಿಯುತ್ತಿದ್ದಳು. ಹತ್ತಿಕಟ್ಟಿಗೆ ಭರ್ರನೆ ಹೊತ್ತಿ ಭರ್ರನೆ ಆರುವಂಥದು. ಒಂದು ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಒಲೆ ಮತ್ತೆ ಬಾಯಿ ತೆರೆದಿರುತ್ತಿತ್ತು. ಅದೂ ಮುಗಿದ ಮೇಲೆ ಅರೆ ಒಣಗಿದ ಸಗಣಿ ಕುಳ್ಳು ಹಚ್ಚಿ, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು, ಅರೆಬೆಂದ ರೊಟ್ಟಿಯನ್ನು ಎಲ್ಲರ ತಟ್ಟೆಗೆ ಹಾಕುತ್ತಿದ್ದಳು. ಊರ ಸುತ್ತ ಕಡಿಯಲು ಒಂದು ಗಿಡ ಉಳಿದಿರಲಿಲ್ಲ. ತಟ್ಟೆಯನ್ನು ಮೊದಲು ದೂಡುತ್ತಿದ್ದವನು ಅಪ್ಪನ ತಮ್ಮ ಶರಣಪ್ಪ ಕಾಕಾ.

“ಅತ್ತಿಗಿ, ಇದೇನು ರೊಟ್ಟಿನೋ, ತೊಗಲೋ?”

“ಕಟ್ಟಿಗಿ ತಂದು ಒಗೀರಿ, ಹಪ್ಪಳದಂಗ ಮಾಡಿ ಹಾಕ್ತೀನಿ.”

ಅಪ್ಪ ಇಬ್ಬರ ನಡುವೆ ತಲೆ ತಗ್ಗಿಸಿ ಅದೇ ತೊಗಲನ್ನು ಪುಂಡಿಪಲ್ಲೆಗೆ ಅದ್ದಿ ಅಗಿಯುತ್ತಿದ್ದ. ಅವನಷ್ಟು ಸಾಧು ಮನುಷ್ಯ ಸುತ್ತಲ ಊರಲ್ಲೇ ಇರಲಿಲ್ಲ. ನನಗೆ ಅದೊಂದೇ ಅವನ ಮೇಲಿದ್ದ ಸಿಟ್ಟು. ನಾನು ಹೋಲುವುದು ಅಜ್ಜಿಯನ್ನು. ಗುರಬಸಮ್ಮ ಎಂದು ಅವಳ ಹೆಸರು, ಆಳು ಗಿಡ್ಡ, ಮಾತು ಉದ್ದ. ಮಾಸಿದ ನಾರಾಯಣಪೇಟೆ ಸೀರೆಯನ್ನು ಮೊಳಕಾಲ ಮಟ್ಟ ಏರಿಸಿ ಕಟ್ಟುತ್ತಿದ್ದಳು. ಆ ಸೀರೆಯ ಸೆರಗಿನಲ್ಲಿ ಕಲ್ಲು ಹೊತ್ತರೂ ಹರಿಯುತ್ತಿರಲಿಲ್ಲ. ಇದನ್ನು ಮಾತಿಗೆ ಹೇಳುತ್ತಿಲ್ಲ, ಹೊತ್ತದ್ದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ನಮಗೆ ಎರಡು ಹೊಲ. ಕೆಳಗಿನದು ಕರಿಮಣ್ಣಿನ ಹೊಲ, ಕಾಕಾನ ಪ್ರಾಣ. ಮೇಲಿನದು ದಿಬ್ಬದ ಹೊಲ. ಒಂದು ಕಾಲಕ್ಕೆ ಅಲ್ಲಿಯೂ ಸಜ್ಜೆ ಎದೆಮಟ್ಟ ಬರುತ್ತಿತ್ತಂತೆ. ಗಿಡಗಳನ್ನೆಲ್ಲ ಕಡಿದು, ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇಗಿಲು ಹೊಡೆದು ಹೊಡೆದು, ಮಣ್ಣೆಲ್ಲ ಮಳೆಯ ಕೂಡ ಇಳಿದು ಹೋಗಿ, ನನಗೆ ಬುದ್ಧಿ ಬರುವ ಹೊತ್ತಿಗೆ ಬರೀ ಗರಸು ಎದ್ದಿತ್ತು. ಗರಸೆಂದರೆ ಅತ್ತ ಮಣ್ಣಲ್ಲ, ಇತ್ತ ಕಲ್ಲಲ್ಲ, ರಸ್ತೆಗೆ ಹಾಸುವ ಕೆಂಪು ಪುಡಿಗಲ್ಲು. ಆದರೂ ವರ್ಷ ವರ್ಷವೂ ಅಲ್ಲಿ ಬಿತ್ತುತ್ತಿದ್ದರು. ಬಿತ್ತಿದ ಬೀಜ ಕೂಡ ಹೊರಳಿ ಬರುತ್ತಿರಲಿಲ್ಲ. ಒಕ್ಕಲುತನದ ಮನೆಯವರು ಹೊಲ ಬೀಳು ಬಿಟ್ಟರು ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೆ. ಮುಂಗಾರಿನ ದೊಡ್ಡ ಮಳೆ ಬಂತೆಂದರೆ ದಿಬ್ಬದಿಂದ ಕೆಂಪು ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬಂದು ಕಾಕಾನ ಎಳೆ ಪೈರಿನ ಮೇಲೆ ಬೀಳುತ್ತಿತ್ತು. ಆಮೇಲೆ ಎಷ್ಟೋ ದಿನ ಕಾಕಾ ಕಲ್ಲು ಆರಿಸುತ್ತ, ದಿಬ್ಬವನ್ನು ಬಯ್ಯುತ್ತ, ಮನೆಗೆ ಬಂದು ರೊಟ್ಟಿಯನ್ನು ಬಯ್ಯುತ್ತಿದ್ದ.

ಅಜ್ಜ ತೀರಿಕೊಂಡಾಗ ಈ ಎರಡು ಹೊಲದ ಲೆಕ್ಕ ಎದುರಿಗೆ ಬಂತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಕುಣಿ ತೋಡಿ, ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಕರಿಮಣ್ಣಿನ ಹೊಲದಲ್ಲಿ ಗದ್ದುಗೆ ಮಾಡಿದರೆ ಅಷ್ಟು ನೆಲ ಸುಮ್ಮನೆ ಹೋಗುತ್ತದೆ, ದಿಬ್ಬದ ಮೇಲೆ ಮಾಡೋಣ ಎಂದ ಕಾಕಾ. ಅಪ್ಪ ಎಂದಿನಂತೆ ತಲೆ ತಗ್ಗಿಸಿದ. ಅಜ್ಜಿ ಆ ಮಾತನ್ನು ಮರೆಯಲಿಲ್ಲ. ಕುಣಿ ತೋಡಲು ಬಂದವನು ತಾಯಪ್ಪ, ಊರಲ್ಲಿ ಬಾವಿ ತೋಡುವುದಕ್ಕೂ ಅವನೇ, ಕುಣಿ ತೋಡುವುದಕ್ಕೂ ಅವನೇ. ಬೆಳಗಿನಿಂದ ಹಾರೆ ಹಾಕಿದರೂ ಗರಸು ಠಣ್ ಠಣ್ ಅನ್ನುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಹಾರೆಯ ಮೊನೆ ಮಡಿಚಿಕೊಂಡಿತು. ಅಜ್ಜನ ದೇಹ ಬಿಸಿಲಲ್ಲಿ ಕಾಯುತ್ತ ಕೂತಿತ್ತು, ಜನ ನೆರಳಿಲ್ಲದೆ ಟವೆಲ್ ತಲೆಗೆ ಹಾಕಿಕೊಂಡು ನಿಂತಿದ್ದರು. ತಾಯಪ್ಪನಿಗೆ ಸುಸ್ತಾದರೆ ತೆಲುಗು ಬರುತ್ತಿತ್ತು.

“ಇದಿ ಮಟ್ಟಿ ಕಾದಮ್ಮಾ, ರಾಯಿ! ಮಣ್ಣ ಇಲ್ರಿ ಇಲ್ಲಿ, ಬರೇ ಕಲ್ಲು. ಗೌಡ್ರನ್ನ ಕಲ್ಲಾಗ ಕುಂದರ್ಸಾಕ ಹತ್ತೀವಿ.”

ಅಜ್ಜಿ ಗಂಡ ಸತ್ತದ್ದಕ್ಕೆ ಅಷ್ಟು ಅಳಲಿಲ್ಲ. ಗಂಡನಿಗೆ ಹಿಡಿ ಮಣ್ಣು ಸಿಗಲಿಲ್ಲವೆಂದು ಅತ್ತಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಗದ್ದುಗೆಯ ಸುತ್ತ ದುಂಡಗೆ ಕಲ್ಲು ಇಟ್ಟರು. ಆ ಕಲ್ಲಿನ ಒಳಗೆ ನೇಗಿಲು ಹೋಗುವಂತಿಲ್ಲ, ದನ ಕುರಿ ಬಾಯಿ ಹಾಕುವಂತಿಲ್ಲ, ಒಂದು ಕಡ್ಡಿ ಮುರಿಯುವಂತಿಲ್ಲ. ಇದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪರವೂರಿನ ಕುರಿಯವನು ಕೂಡ ಕಲ್ಲು ಕಂಡ ಕೂಡಲೇ ಕುರಿ ತಿರುವಿಕೊಂಡು ಹೋಗುತ್ತಿದ್ದ. ಒಂದು ಮಳೆಗಾಲ ಕಳೆಯಿತು. ಒಂದು ಸೋಮವಾರ ಅಜ್ಜಿ ಗದ್ದುಗೆಗೆ ಎಡೆ ತೆಗೆದುಕೊಂಡು ಹೊರಟಾಗ ನಾನೂ ಬೆನ್ನು ಹತ್ತಿದೆ. ದಿಬ್ಬವೆಲ್ಲ ಬೋಳು. ಕಲ್ಲಿನ ಸುತ್ತಿನೊಳಗೆ ಮಾತ್ರ ಮೊಳಕಾಲೆತ್ತರದ ಹುಲ್ಲು, ಹಳದಿ ಹೂ ಬಿಟ್ಟ ತಂಗಡಿ, ಹಕ್ಕಿ ತಿಂದು ಉದುರಿಸಿದ ಬೀಜದಿಂದ ಎದ್ದ ಬೇವಿನ ಸಸಿ. ಅಜ್ಜಿ ಎಡೆ ಕೆಳಗಿಟ್ಟವಳು ಬಹಳ ಹೊತ್ತು ಕೈಮುಗಿಯಲೇ ಇಲ್ಲ. ಹುಲ್ಲು ಸರಿಸಿ ಬುಡದ ಮಣ್ಣನ್ನು ಬೆರಳಲ್ಲಿ ಕೆದರಿ, ಮೂಸಿ, ನನ್ನ ಮೂಗಿಗೂ ಹಿಡಿದಳು. ತಂಪಿತ್ತು.

ನಮ್ಮ ಮನೆಗಳಲ್ಲಿ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಎತ್ತು ಹೊಲಕ್ಕೆ ಹೋಗದಿದ್ದರೆ ಗಂಡಸರೂ ಹೋಗುವುದಿಲ್ಲ. ಕಾಕಾ ಅಂದು ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಿದ್ದ. ಅಜ್ಜಿಗೆ ಇದಕ್ಕಿಂತ ಒಳ್ಳೆಯ ವಾರ ಬೇಕೆ? ಮುಂದಿನ ಸೋಮವಾರ ಎಡೆಯ ಬುಟ್ಟಿ ನನ್ನ ತಲೆಗೆ ಹೊರಿಸಿ, ತಾನು ಹಾರೆ ಹಿಡಿದು ಹೊರಟಳು. ಗದ್ದುಗೆಯ ಕಲ್ಲೊಂದನ್ನು ಮೀಟಿ ಎಬ್ಬಿಸಿ, ಉರುಳಿಸಿ, ಒಂದಿಷ್ಟು ಆಚೆ ಇಟ್ಟಳು.

“ಅಜ್ಜಿ, ಕಲ್ಲು ಯಾಕ ಸರಸ್ತಿ?”

“ನಿಮ್ಮಜ್ಜಗ ಕಾಲು ಚಾಚಾಕ ಜಾಗ ಸಾಲವಲ್ದು.”

“ಅಜ್ಜನ್ನ ಕುಂದರ್ಸ್ಯಾರಲ್ಲ?”

“ಕುಂತು ಕುಂತು ಕಾಲು ಜೋಮು ಹಿಡಿಯಂಗಿಲ್ಲೇನು? ಬಾಯಿ ಮುಚ್ಚಿ ಕಲ್ಲು ಆ ಕಡೆ ಹಿಡಿ.”

ಹಿಡಿದೆ. ಹೀಗೆ ಸೋಮವಾರದ ಮೇಲೆ ಸೋಮವಾರ ಅಜ್ಜನ ನೆಲ ಬೆಳೆಯತೊಡಗಿತು. ಒಂದೇ ಸಲಕ್ಕೆ ಬಹಳ ಸರಿಸುತ್ತಿರಲಿಲ್ಲ, ನೇಗಿಲು ಹೊಡೆಯುವವನಿಗೆ ಅನುಮಾನ ಬರದಷ್ಟು ಮಾತ್ರ. ಸರಿಸಿದ ಕಲ್ಲಿನ ಒಳಗೆ ಸಿಕ್ಕ ನೆಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಸಣ್ಣ ಕಲ್ಲಿನ ಒಡ್ಡು ಹಾಕುತ್ತಿದ್ದೆವು. ಮನೆಯಲ್ಲಿ ಸೀತಾಫಲ ತಿಂದರೆ ಬೀಜ ನನ್ನ ಲಂಗದ ಗಂಟಿಗೆ, ಬೇವಿನ ಹಣ್ಣು, ಹೊಂಗೆಯ ಕಾಯಿ ಅಜ್ಜಿಯ ಸೆರಗಿಗೆ. ಒಡ್ಡಿನ ಹಿಂದೆ ನಿಂತ ಒಂದಿಷ್ಟು ಒಂಡಿನಲ್ಲಿ, ಮಳೆನೀರು ತಂದ ಮೆತ್ತನೆ ಮಣ್ಣಿನಲ್ಲಿ, ಅವನ್ನು ಚುಚ್ಚಿ ಬರುತ್ತಿದ್ದೆವು. ಎಲ್ಲವೂ ಹುಟ್ಟುತ್ತಿರಲಿಲ್ಲ. ಹುಟ್ಟಿದ್ದನ್ನು ಮುಟ್ಟಲು ಊರಲ್ಲಿ ಯಾರಿಗೂ ಧೈರ್ಯವಿರಲಿಲ್ಲ, ಅಜ್ಜ ಅಲ್ಲಿ ಕೂತಿದ್ದನಲ್ಲ. ಉಣ್ಣುವಾಗ ಕಾಕಾ ‘ಸೋಮವಾರ ಅಂದ್ರ ಅಜ್ಜಿಗಿ ಮೊಮ್ಮಗಳಿಗಿ ಭಾರಿ ಭಕ್ತಿ’ ಎಂದು ಹಾಸ್ಯ ಮಾಡಿದರೆ ನಾನು ಮುಖದ ಒಂದು ಗೆರೆ ಕದಲಿಸದೆ ಶೇಂಗಾಹಿಂಡಿ ನೆಕ್ಕುತ್ತಿದ್ದೆ. ಮುಂದೆ ಜೀವನದಲ್ಲಿ ಎಷ್ಟೋ ಜನರ ಮುಂದೆ ನಾನು ಹಾಗೆ ಮುಖ ಗಟ್ಟಿ ಮಾಡಿ ಕೂತು ಗೆದ್ದಿದ್ದೇನೆ. ಆ ವಿದ್ಯೆ ಕಲಿತದ್ದು ಆ ಪಡಸಾಲೆಯಲ್ಲೇ.

ಕೆಲವು ವರ್ಷ ಹೀಗೇ ನಡೆಯಿತು. ಸಿಕ್ಕಿಬಿದ್ದದ್ದು ಒಂದು ಎಳ್ಳಮಾಸೆಯ ದಿನ. ಅಂದು ಇಡೀ ಮನೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಲ್ಲ ಕಾಳು ಹಾಕಿ ಕುದಿಸಿದ ಭಜ್ಜಿ, ಕಡುಬು, ಅಂಬಲಿ; ನಾವು ಉಣ್ಣುವ ಮೊದಲು ಮನೆಯ ಗಂಡಸು ಹೊಲದ ಸುತ್ತ ನಡೆದು ಅದನ್ನು ಭೂಮಿಗೆ ಚೆಲ್ಲಬೇಕು. ಚರಗ ಅನ್ನುತ್ತೇವೆ. ಕೆಳಗಿನ ಹೊಲಕ್ಕೆ ಚರಗ ಚೆಲ್ಲಿ, ಅಜ್ಜನಿಗೆ ಎಡೆ ಮುಟ್ಟಿಸಲು ಬಂಡಿ ದಿಬ್ಬ ಹತ್ತಿತು. ಪ್ರತಿ ವರ್ಷ ಗದ್ದುಗೆಗೂ ಹೊಲದ ಬದುವಿಗೂ ನಡುವೆ ಬಂಡಿ ತಿರುಗಿ ನಿಲ್ಲುವಷ್ಟು ಜಾಗ ಇರುತ್ತಿತ್ತು. ಈ ಸಲ ಎತ್ತು ತಿರುಗಲಿಲ್ಲ. ಕಾಕಾ ಹಗ್ಗ ಜಗ್ಗಿದ, ಗಾಲಿ ಕಲ್ಲಿಗೆ ಬಡಿಯಿತು, ಕಡುಬಿನ ಪಾತ್ರೆ ಉರುಳಿತು. ಕಾಕಾ ಇಳಿದು ನೋಡಿದ. ದಿಬ್ಬದ ಅರ್ಧಕ್ಕಿಂತ ಹೆಚ್ಚು ಅಜ್ಜನದಾಗಿತ್ತು. ಬೇವು ಅವನ ತಲೆ ಮೀರಿ ನಿಂತಿತ್ತು.

“ಯವ್ವಾ, ನಮ್ಮಪ್ಪ ಸತ್ತಮ್ಯಾಲೂ ಬೆಳ್ಯಾಕ ಹತ್ಯಾನೇನು?”

“ಅವಗ ಕಾಲು ಚಾಚಾಕ ಜಾಗ ಬೇಕಲ್ಲಪ್ಪ. ಕರಿಮಣ್ಣಾಗಂತೂ ನೀ ಕೊಡ್ಲಿಲ್ಲ.”

ಕಾಕಾನ ಮುಖ ಕಪ್ಪಿಟ್ಟಿತು. ಹುಟ್ಟಿದಾಗಿನಿಂದ ಅವನನ್ನು ನೋಡಿದ್ದೇನೆ, ಅಷ್ಟು ಸಿಟ್ಟು ಬಂದದ್ದು ನೋಡಿಲ್ಲ. ಊರೆಲ್ಲ ನಮ್ಮನ್ನು ನೋಡಿ ನಗುತ್ತದೆ, ಒಕ್ಕಲುತನದವರ ಹೊಲದಲ್ಲಿ ಅಡವಿ ಬೆಳೆಸಿದ್ದೀರಿ ಎಂದು ಕೂಗಾಡಿದ. ಕೂಗಾಟದಲ್ಲಿ ಅವನ ಗುಟ್ಟೂ ಹೊರಬಿತ್ತು.

“ಯುಗಾದಿ ಆದಮ್ಯಾಲ ಗುತ್ತೇದಾರ ಬರ್ತಾನ. ರೋಡಿಗಿ ಗರಸು ಬೇಕಂತ, ಮಾತಾಡೀನಿ. ಗದ್ದಿಗಿಯಷ್ಟು ಬಿಟ್ಟು ದಿಬ್ಬ ಕಡದು ಒಯ್ಯಲಿ. ವರ್ಷಾ ಮ್ಯಾಲಿಂದ ಕಲ್ಲು ಬಂದು ನನ್ನ ಪೈರಿನ ಮ್ಯಾಲ ಬೀಳೋದರ ತಪ್ತೈತಿ.”

ದಿಬ್ಬ ಕಡಿದರೆ ಗದ್ದುಗೆಯ ಸುತ್ತ ಆಳದ ತಗ್ಗು. ಬೇವು, ತಂಗಡಿ, ಆ ವರ್ಷವಷ್ಟೇ ಮೊದಲ ಹೂ ಕಂಡಿದ್ದ ಸೀತಾಫಲ, ನಮ್ಮ ಸೋಮವಾರಗಳೆಲ್ಲ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ರಸ್ತೆಗೆ ಹೋಗುತ್ತಿದ್ದವು. ನನಗೆ ಅಳು ಒತ್ತರಿಸಿ ಬಂತು. ಆದರೆ ಅಜ್ಜಿ ಅತ್ತು ಕೇಳುವವಳಲ್ಲ.

“ಶರಣ್ಯಾ, ನಿನಗ ಬೇಕಾಗಿದ್ದು ಕಲ್ಲು ಬರಬಾರ್ದು, ಅಷ್ಟ ಹೌದಿಲ್ಲೋ? ಮುಂಗಾರಿ ದೊಡ್ಡ ಮಳಿ ತನಕ ತಡಿ. ದಿಬ್ಬದ ನೀರು ಕೆಂಪಾಗಿ ನಿನ್ನ ಹೊಲಕ್ಕ ಇಳೀತಂದ್ರ ನಾನ ಮುಂದ ನಿಂತು ಗುತ್ತೇದಾರಗ ತೋರಿಸ್ತೀನಿ, ಕಡಿ ಅಂತ.”

“ಮಳಿ ನಿನ್ನ ಮಾತು ಕೇಳ್ತೈತೇನು?”

ಆಗ ಅಪ್ಪ ತಲೆ ಎತ್ತಿದ. ಎತ್ತಿದ್ದು ನೋಡಿ ಅವ್ವನಿಗೇ ಗಾಬರಿಯಾಯಿತು.

“ಮಳಿ ತನಕ ನಿಂದ್ರಾಣ, ಶರಣಪ್ಪ. ದಿಬ್ಬ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಅಣ್ಣ ಮಾತಾಡಿದ ಮೇಲೆ ಕಾಕಾ ಎದುರಾಡಲಿಲ್ಲ. ಅಪ್ಪ ಮಾತಾಡುವುದೇ ಅಪರೂಪವಾದ್ದರಿಂದ ಅದಕ್ಕೊಂದು ತೂಕವಿತ್ತೋ ಏನೋ. ಅಂದಿನಿಂದ ಮಳೆಗಾಲದವರೆಗೆ ನಮ್ಮ ಮನೆ ಎರಡು ಪಾಳೆಯವಾಯಿತು. ಕಾಕಾ ಪಡಸಾಲೆಯ ಆ ತುದಿಗೆ ಮುಖ ಉಬ್ಬಿಸಿಕೊಂಡು ಉಣ್ಣುವುದು, ನಾವು ಈ ತುದಿಗೆ. ಈಗ ಕದ್ದು ಮಾಡುವ ಕೆಲಸವಿರಲಿಲ್ಲ, ಸೋಮವಾರಕ್ಕೆ ಕಾಯಬೇಕಾಗಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿದು ಮುಗಿಸಿ, ಒಲೆಗೆ ನೀರು ಚಿಮುಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ದನಿ ಎತ್ತಿದವಳಲ್ಲ.

“ಅತ್ತಿ, ನಾನೂ ಬರ್ತೀನ್ರಿ. ಈ ಹೊಗಿಯೊಳಗ ಸಾಯೋದಕ್ಕಿಂತ ಆ ಕಲ್ಲು ಹೊರೋದ ಛಲೋ.”

ಮೂವರು ಹೆಂಗಸರು ಹೊತ್ತೆವು. ನಾನು ಅರ್ಧ ಹೆಂಗಸೆಂದು ಲೆಕ್ಕ ಹಿಡಿದರೂ ಸರಿಯೇ. ದಿಬ್ಬದ ತುದಿಯಿಂದ ಬುಡದವರೆಗೆ ಒಡ್ಡಿನ ಕೆಳಗೆ ಒಡ್ಡು ಹಾಕಿದೆವು. ಹುಲ್ಲು ಇಲ್ಲದ ಕಡೆ, ಅಜ್ಜನಿಗೆ ಕೈಮುಗಿದು ಕೇಳಿಕೊಂಡು, ಗದ್ದುಗೆಯ ಹುಲ್ಲಿನ ಗಡ್ಡೆ ಕಿತ್ತು ನೆಟ್ಟೆವು, ತಂಗಡಿಯ ಟೊಂಗೆ ಸವರಿ ಬೋಳು ನೆಲಕ್ಕೆ ಹೊದಿಸಿದೆವು. ಬಿಸಿಲಿಗೆ ಅವ್ವನ ಮುಖ ಕರ್ರಗಾಯಿತು, ಆದರೆ ಅವಳು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಆ ಬೇಸಿಗೆಯಲ್ಲೇ. ಅಪ್ಪ ಸಂಜೆ ದನ ಕಟ್ಟಿ, ‘ಸುಮ್ಮನ ಅಡ್ಡಾಡಿ ಬರ್ತೀನಿ’ ಎಂದು ಹೇಳಿ ಬಂದು, ನಮ್ಮಿಂದ ಎತ್ತಲಾಗದ ಗುಂಡುಗಳನ್ನು ಉರುಳಿಸಿ ಕೊಡುತ್ತಿದ್ದ.

ಮುಂಗಾರಿನ ಮೊದಲ ಮಿರಗದ ಮಳೆಗೆ ಕಾಕಾ ಹೆಸರುಕಾಳು ಬಿತ್ತಿದ. ಸಾಲು ಹಿಡಿದು ಎರಡೆಲೆ ಎದ್ದಿದ್ದವು. ಆಗ ಒಂದು ಮಧ್ಯಾಹ್ನ ಪಡುವಣದಲ್ಲಿ ಮುಗಿಲು ಕಟ್ಟಿತು. ಉಣ್ಣಲು ಕೂತವರು ಕೂತೇ ಇದ್ದೆವು, ತಟ್ಟೆ ಯಾರೂ ಮುಟ್ಟಲಿಲ್ಲ. ಮಾಳಿಗೆಯ ಅಂಚಿನ ದೋಣಿಯಿಂದ ನೀರು ಹಗ್ಗದಂತೆ ಸುರಿಯತೊಡಗಿದಾಗ ಕಾಕಾ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದ. ಅವನ ಹಿಂದೆ ಅಪ್ಪ, ಅಪ್ಪನ ಹಿಂದೆ ನಾವು. ಅಜ್ಜಿ ಎಲ್ಲರಿಗಿಂತ ಹಿಂದೆ, ಆದರೆ ಬಾಯಿ ಎಲ್ಲರಿಗಿಂತ ಮುಂದೆ: ‘ನಿಂದ್ರೋ, ನಾ ಬರೋತನಕ ನೋಡಬ್ಯಾಡ!’

ಪಕ್ಕದವರ ದಿಬ್ಬದಿಂದ ಎಂದಿನಂತೆ ಕೆಂಪು ನೀರು ಕಲ್ಲು ಉರುಳಿಸಿಕೊಂಡು ಭೋರೆಂದು ಇಳಿಯುತ್ತಿತ್ತು. ನಮ್ಮ ದಿಬ್ಬದಿಂದ ಏನೂ ಇಳಿಯುತ್ತಿರಲಿಲ್ಲ. ಕಾಕಾ ಬದುವಿನ ಮೇಲೆ ನಿಂತು ಕಾದ. ಮಳೆ ಸಣ್ಣಗಾದ ಮೇಲೆ ಹುಲ್ಲಿನ ಸಂದಿಯಿಂದ ನೀರು ಜಿನುಗಿ, ಅಗಲವಾಗಿ, ಸದ್ದಿಲ್ಲದೆ ಬಂದು ಅವನ ಪಾದ ಮುಟ್ಟಿತು. ಅವನು ಬಗ್ಗಿ ನೋಡಿದ. ಬಗ್ಗಿದವನು ಏಳಲೇ ಇಲ್ಲ.

“ಅಣ್ಣಾ, ನೀರಾಗ ನನ್ನ ಕಾಲಬೆರಳು ಕಾಣಾಕ ಹತ್ಯಾವೋ!”

ಅವನ ಹೆಸರುಕಾಳಿನ ಸಾಲಿನಲ್ಲಿ ಒಂದು ಕಲ್ಲು ಬಿದ್ದಿರಲಿಲ್ಲ, ಒಂದು ಸಸಿ ಮಲಗಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತ ಬಂದು ತಲುಪಿದಳು. ಗೆದ್ದವರು ಸುಮ್ಮನಿರಬೇಕು ಎನ್ನುವ ದೊಡ್ಡತನವೆಲ್ಲ ಅವಳಿಗೆ ಒಗ್ಗುತ್ತಿರಲಿಲ್ಲ.

“ಎಲ್ಲದಾನಪ್ಪ ನಿನ್ನ ಗುತ್ತೇದಾರ? ಕರಿ, ಮುಖ ತೊಳಕೊಂಡು ಹೋಗಲಿ!”

ಎಲ್ಲರೂ ನಕ್ಕರು, ಕಾಕಾನೂ ನಕ್ಕ. ಆ ಕೆಸರಿನಲ್ಲಿ ನಾನು ಕುಣಿದೆ. ಅಂದು ಸಂಜೆ ಅವನು ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಬಂದು ನಮ್ಮ ತುದಿಯಲ್ಲಿ ಕೂತ. ಅಜ್ಜಿ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದಳು. ಮರುವರ್ಷದ ಎಳ್ಳಮಾಸೆಗೆ ಅಪ್ಪ ಯಾರನ್ನೂ ಕೇಳದೆ ಚರಗದ ಬುಟ್ಟಿ ಹೊತ್ತು ದಿಬ್ಬ ಹತ್ತಿ ಗಿಡಗಳ ಸುತ್ತ ನಡೆದು ಚೆಲ್ಲಿದ. ಬೀಳು ಬಿದ್ದ ನೆಲಕ್ಕೆ ಯಾರೂ ಚರಗ ಚೆಲ್ಲುವುದಿಲ್ಲ. ಇದೂ ಹೊಲ ಎಂದು ಅವನು ಊರಿಗೆ ಹೇಳಿದ್ದು ಹಾಗೆ.

ಆಮೇಲಿನದನ್ನು ಹೇಳುವುದೇ ಒಂದು ಸುಖ. ಸವರಿದ ಟೊಂಗೆಗಳು ಅಜ್ಜನ ಪ್ರಸಾದವೆಂದು ಒಲೆಗೆ ಬಂದವು. ಅವ್ವನ ರೊಟ್ಟಿ ನಿಜವಾಗಿಯೂ ಹಪ್ಪಳದಂತಾಯಿತು, ಕಾಕಾನ ಒಂದು ದೂರು ಕೊನೆಗೂ ತೀರಿತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆಳಗಿನ ಹೊಲದ ಬಾವಿಯಲ್ಲಿ ಮುಂಗಾರಿನವರೆಗೆ ಕೊಡ ಮುಳುಗತೊಡಗಿತು. ಹುಲ್ಲನ್ನು ಮೇಯಿಸದೆ ಕೊಯ್ದು ಒಯ್ಯಿರಿ ಎಂದು ಅಜ್ಜಿ ಊರಿಗೆ ಬಿಟ್ಟಳು, ಹಾಲು ಕರೆಯುವ ಮನೆಗಳೆಲ್ಲ ಅವಳ ಮಾತಿಗೆ ನಿಂತವು. ಸೀತಾಫಲದ ಕಣ್ಣು ಅರಳಿದಾಗ ಬುಟ್ಟಿಗಳು ಕೃಷ್ಣಾ ಸ್ಟೇಷನ್ನಿಗೂ ಗದ್ವಾಲದ ಸಂತೆಗೂ ಹೋದವು. ನನ್ನ ಓದು, ನನ್ನ ಮದುವೆಯ ಸೀರೆ, ಎರಡೂ ಆ ಬುಟ್ಟಿಯಿಂದ ಬಂದವು. ಅಲ್ಲಿ ನಾನು ಎಂದೂ ಕಾಣದಿದ್ದ ನವಿಲು ಬಂತು. ಪಕ್ಕದ ದಿಬ್ಬಗಳವರು ಒಬ್ಬೊಬ್ಬರಾಗಿ ಕಲ್ಲು ಇಡತೊಡಗಿದರು. ತಮ್ಮ ದಿಬ್ಬದಲ್ಲಿ ಹಿರಿಯರ ಗದ್ದುಗೆ ಇಲ್ಲದವರು ನಮ್ಮಜ್ಜನ ಹೆಸರಿನಲ್ಲೇ ಒಂದು ಕಲ್ಲು ಇಟ್ಟರು, ಅಜ್ಜಿ ಬೇಡವೆನ್ನಲಿಲ್ಲ. ಈಗ ರೈಲಿನಲ್ಲಿ ಬಂದರೆ ಕೃಷ್ಣಾ ಮುಟ್ಟುವ ಮೊದಲು ದೂರದಲ್ಲಿ ಸಾಲಾಗಿ ಹಸಿರು ದಿಬ್ಬಗಳು ಕಾಣುತ್ತವೆ. ಜೀಪಿನಲ್ಲಿ ಅಧಿಕಾರಿಗಳು ನೋಡಲು ಬರುತ್ತಾರೆ. ಮುದುಕನಾದ ಕಾಕಾ ಅವರಿಗೆ ಇದೆಲ್ಲ ತನ್ನದೇ ವಿಚಾರ ಎಂಬಂತೆ ಕೋಲು ಚಾಚಿ ತೋರಿಸುತ್ತಾನೆ. ನಾನು ಮುಖದ ಗೆರೆ ಕದಲಿಸದೆ ಕೇಳುತ್ತೇನೆ.

ಅಜ್ಜಿ ಹೋದದ್ದು ಸೀತಾಫಲದ ಕಾಲದಲ್ಲೇ. ಮಗುವನ್ನು ಎತ್ತಿಕೊಂಡು ನಾನು ಗಂಡನ ಮನೆಯಿಂದ ಓಡಿಬಂದೆ. ಅವಳನ್ನು ಎಲ್ಲಿ ಕೂರಿಸಬೇಕೆಂದು ಯಾರೂ ಕೇಳಲಿಲ್ಲ. ತಾಯಪ್ಪ ಹಣ್ಣಾಗಿದ್ದ, ಆದರೂ ಗುರಬಸಮ್ಮನ ಕುಣಿ ಬೇರೆಯವರು ತೋಡಬಾರದೆಂದು ಅದೇ ಹಾರೆ ಹೊತ್ತು ತಾನೇ ಬಂದ. ಈ ಸಲ ಜನರೆಲ್ಲ ನೆರಳಲ್ಲಿ ನಿಂತಿದ್ದರು. ಅಜ್ಜನ ಪಕ್ಕದಲ್ಲಿ ತಾಯಪ್ಪ ಹಾರೆ ಎತ್ತಿ ಹಾಕಿದ. ಠಣ್ ಅನ್ನಲಿಲ್ಲ. ಹಾರೆ ಸದ್ದಿಲ್ಲದೆ ಇಳಿದು ನಿಂತಿತು. ಅವನು ಅದನ್ನು ಕಿತ್ತು ಬದಿಗೆ ಎಸೆದು ಸಲಿಕೆ ಕೇಳಿದ. ಬಂದದ್ದೆಲ್ಲ ಕಪ್ಪು, ಹಸಿ, ಎರೆಹುಳ ಹೊರಳುವ ಮಣ್ಣು. ಎಷ್ಟೋ ಆಳ ಹೋದ ಮೇಲೆ ಗರಸು ಸಿಕ್ಕಿತು, ಅದೂ ನೆನೆದು ಮೆತ್ತಗಾಗಿತ್ತು. ತಾಯಪ್ಪ ಕುಣಿಯೊಳಗಿಂದ ಎರಡೂ ಕೈಯಲ್ಲಿ ಮಣ್ಣು ಎತ್ತಿ ಹಿಡಿದ. ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು.

“ಇದಿ ಮಟ್ಟಿ ಕಾದಯ್ಯಾ, ವೆನ್ನ! ಬೆಣ್ಣಿ ಐತಿ ನೋಡ್ರಿ, ಬೆಣ್ಣಿ! ಅಮ್ಮಾರು ತಮ್ಮ ಜಾಗ ತಾವ ಮೆತ್ತಗ ಮಾಡಿ ಇಟ್ಟಾರ.”

ನಾವು ಅತ್ತೆವು, ಆದರೆ ಸೋತವರ ಅಳುವಲ್ಲ ಅದು. ಅವಳನ್ನು ಆ ಮಣ್ಣಿನಲ್ಲಿ ಕೂರಿಸಿ, ಪತ್ರಿ ಹಾಕಿ, ಹಿಡಿ ಹಿಡಿಯಾಗಿ ಮುಚ್ಚಿದೆವು. ಜನ ಕೈಕಾಲು ತೊಳೆಯಲು ಬಾವಿಯ ಕಡೆ ಹೊರಟರು. ಕಾಕಾ ಮಾತ್ರ ದಿಬ್ಬದ ಬುಡಕ್ಕೆ ಇಳಿದು, ನಮ್ಮ ಗಿಡಗಳು ಮುಗಿದು ಅವನ ಕರಿಮಣ್ಣು ಶುರುವಾಗುವ ಜಾಗದಲ್ಲಿ ನಿಂತಿದ್ದ. ಅಲ್ಲಿದ್ದ ಕಡೆಯ ಕಲ್ಲನ್ನು ಮೀಟಿ ಎಬ್ಬಿಸಿ, ಬೆಳೆದು ನಿಂತ ತನ್ನ ತೊಗರಿಯನ್ನು ಸರಿಸಿ, ತನ್ನ ಹೊಲದ ಒಳಕ್ಕೆ ಉರುಳಿಸತೊಡಗಿದ. ಅಂದು ಸೋಮವಾರವೂ ಆಗಿರಲಿಲ್ಲ.

“ಶರಣಪ್ಪ, ಅದು ಕರಿಮಣ್ಣೋ,” ಎಂದ ಅಪ್ಪ.

“ಇರ್ಲಿ ಅಣ್ಣ. ಅವ್ವಗ ಕಾಲು ಚಾಚಾಕ ಜಾಗ ಬೇಕಲ್ಲ.”

ಕಲ್ಲು ಅವನೊಬ್ಬನಿಂದ ಮುಂದೆ ಉರುಳುತ್ತಿರಲಿಲ್ಲ. ನಾನು ಮಗುವನ್ನು ಅವ್ವನ ಕೈಗೆ ಕೊಟ್ಟು ಹೋಗಿ ಆ ಕಡೆ ಹಿಡಿದೆ.